ಮನಸ್ಸಿನ ಭಾರಕ್ಕೂ ಮುಯ್ಯಾಳು ಬೇಕು

(ತಾಲ್ಲೂಕು ರೈತರ ಮಾಸಿಕ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)



ಈ ಸಭೆಯಲ್ಲಿ ಎದ್ದು ನಿಂತವರು ಬೆಲೆ ವಿಚಾರ ಮಾತಾಡ್ತಾರೆ, ನೀರಿನ ವಿಚಾರ, ಕರೆಂಟಿನ ವಿಚಾರ ಮಾತಾಡ್ತಾರೆ. ಅದೆಲ್ಲ ಆಡಲೇಬೇಕಾದ ಮಾತು. ಇವತ್ತು ಅದರ ಜೊತೆಗೆ ಇನ್ನೊಂದು ವಿಚಾರ ಮಾತಾಡ್ತೀನಿ ಅಂತ ಅಧ್ಯಕ್ಷರ ಅಪ್ಪಣೆ ಕೇಳಿದ್ದೀನಿ. ಅದು ರೈತನ ಮನಸ್ಸಿನ ವಿಚಾರ. ರಾತ್ರಿ ನಿದ್ದೆ ಬಾರದ, ಊಟ ರುಚಿಸದ, ಹೊಲದ ಕಡೆ ಕಾಲು ಏಳದ, ಮನೆಯವರ ಮೇಲೆಲ್ಲ ರೇಗುವ ರೈತನ ವಿಚಾರ. ಅಂಥವರು ಈ ಸಭೆಯಲ್ಲೂ ಕೂತಿರಬಹುದು. ಮುಖ ನೋಡಿ ಇಂಥವರೇ ಅಂತ ಹೇಳೋಕ್ಕಾಗಲ್ಲ. ಕಷ್ಟ ಇರೋದೇ ಅಲ್ಲಿ.

ಇದನ್ನ ಕೇಳಿ ಕೆಲವರಿಗೆ ಸಿಟ್ಟು ಬರಬಹುದು. "ಏನಪ್ಪಾ, ಬೆಲೆ ಕೇಳೋ ಸಂಘದವರು ಡಾಕ್ಟರ್ ಮಾತು ಆಡೋಕೆ ಶುರು ಮಾಡಿದ್ರಾ? ಸತ್ತ ರೈತನ ತಲೆ ಸರಿ ಇರಲಿಲ್ಲ ಅಂತ ಹೇಳಿ ಸರ್ಕಾರ ಕೈ ತೊಳ್ಕೊಳ್ಳೋಕೆ ನೀವೇ ದಾರಿ ಮಾಡಿಕೊಡ್ತೀರಾ?" ಈ ಪ್ರಶ್ನೆ ನ್ಯಾಯವಾದದ್ದು. ಮೊದಲು ಅದಕ್ಕೇ ಉತ್ತರ ಹೇಳ್ತೀನಿ.

ಪ್ರಾಣ ಕಳೆದುಕೊಂಡವರ ಲೆಕ್ಕವನ್ನ ಕೇಂದ್ರ ಸರ್ಕಾರದ ಅಪರಾಧ ದಾಖಲೆ ಬ್ಯೂರೋ ಪ್ರತಿ ವರ್ಷ ಪ್ರಕಟಿಸುತ್ತೆ. 2022ರ ಲೆಕ್ಕದಲ್ಲಿ ರೈತರು ಮತ್ತು ಕೃಷಿ ಕೂಲಿಕಾರರು ಸೇರಿ 11,290 ಜನ. ಮೊದಲ ಸ್ಥಾನ ಮಹಾರಾಷ್ಟ್ರದ್ದು, ಎರಡನೇದು ನಮ್ಮ ಕರ್ನಾಟಕದ್ದು. ಅದೇ ವರದಿಯಲ್ಲಿ ದೇಶದ ಎಲ್ಲ ಜನರನ್ನೂ ಸೇರಿಸಿ ಕಾರಣಗಳ ಪಟ್ಟಿ ಇದೆ. ನೂರಕ್ಕೆ 31.7 ಜನರ ಎದುರು 'ಕೌಟುಂಬಿಕ ಸಮಸ್ಯೆ' ಅಂತ ಬರೆದಿದ್ದಾರೆ, 18.4 ಜನರ ಎದುರು 'ಕಾಯಿಲೆ' ಅಂತ. ಹಳ್ಳಿಯ ಮನೆಗಳನ್ನ ಬಲ್ಲ ನಾವು ಇದನ್ನ ಓದಿ ಸುಮ್ಮನಿರೋಕ್ಕಾಗುತ್ತಾ? ಮೆಕ್ಕೆಜೋಳ ಮಾರಿದ ದುಡ್ಡು ಗೊಬ್ಬರದ ಅಂಗಡಿ ಬಾಕಿಗೇ ಸಾಲದೆ ಹೋದಾಗ, ಮಗಳ ಫೀಸಿಗೆ ಏನು ಮಾಡೋದು ಅಂತ ಗಂಡ ಹೆಂಡತಿಗೆ ಜಗಳ ಆಗುತ್ತೆ. ಹೊರಗಿನಿಂದ ನೋಡಿದವರಿಗೆ ಅದು ಸಂಸಾರದ ಜಗಳ. ಅದರ ಬೇರು ಇರೋದು ಮಾರ್ಕೆಟ್ ಯಾರ್ಡಿನಲ್ಲಿ. ಆದ್ದರಿಂದ ಬೆಲೆಯ ಪ್ರಶ್ನೆಯನ್ನ ನಾವು ಬಿಡೋ ಹಾಗಿಲ್ಲ. ಉತ್ಪಾದನಾ ವೆಚ್ಚದ ಮೇಲೆ ನೂರಕ್ಕೆ 50 ಲಾಭ ಸೇರಿಸಿ ಬೆಲೆ ಕೊಡಿ ಅಂತ ಸ್ವಾಮಿನಾಥನ್ ಆಯೋಗ ಹೇಳಿದ್ದು 2006ರಲ್ಲಿ. ಜಮೀನಿನ ಗುತ್ತಿಗೆ, ಬಂಡವಾಳದ ಬಡ್ಡಿ ಎಲ್ಲ ಹಿಡಿದು ಆ ಲೆಕ್ಕ ಮಾಡಿ ಅಂತ ನಾವು ಇವತ್ತಿಗೂ ಕೇಳ್ತಾನೇ ಇದ್ದೀವಿ.

ಆದರೆ ಒಂದು ಮಾತು ಯೋಚನೆ ಮಾಡಿ. ರಾತ್ರಿ ಹೊತ್ತು ತ್ರೀ ಫೇಸ್ ಕೊಡ್ತಾರೆ, ರೈತ ಕತ್ತಲಲ್ಲಿ ನೀರು ಕಟ್ಟೋಕೆ ಹೋಗ್ತಾನೆ, ಹಾವು ಕಚ್ಚುತ್ತೆ. ಆಗ ನಾವು ಏನು ಮಾಡ್ತೀವಿ? ಮೊದಲು ಅವನನ್ನ ಆಸ್ಪತ್ರೆಗೆ ಹೊತ್ತೊಯ್ತೀವಿ. ಕರೆಂಟನ್ನ ರಾತ್ರಿ ಕೊಟ್ಟವರ ಮೇಲಿನ ಜಗಳ ಆಮೇಲೆ ಮಾಡ್ತೀವಿ. ಆಸ್ಪತ್ರೆಗೆ ಸೇರಿಸಿದ್ವಿ ಅಂತ ಕರೆಂಟಿನ ಜಗಳ ಬಿಟ್ಟುಕೊಟ್ಟ ಹಾಗೆ ಆಗಲ್ಲ. ಮನಸ್ಸಿನ ಕಾಯಿಲೆಗೂ ಇದೇ ನ್ಯಾಯ. ಬೆಲೆ ಬರೋವರೆಗೆ ರೈತ ಬದುಕಿರಬೇಕಲ್ಲ.

ಈಗ ಸಾಲದ ವಿಚಾರಕ್ಕೆ ಬರ್ತೀನಿ. ಸಾಲ ನಮ್ಮ ತಾತನ ಕಾಲದಲ್ಲೂ ಇತ್ತು. 1980ರ ದಶಕದಲ್ಲಿ ನಾನು ಹುಡುಗ. ಆಗ ಜಪ್ತಿಗೆ ಜೀಪು ಬರ್ತಿತ್ತು. ಊರೇ ನೋಡ್ತಾ ಇರುವಾಗ ಮನೆಯ ಪಾತ್ರೆ ಪಡಗ, ಬಾಗಿಲು ಕಿತ್ತೊಯ್ಯೋರು. ಅದು ದೊಡ್ಡ ಅವಮಾನ. ಆದರೆ ಊರೇ ನೋಡ್ತಿದ್ದದ್ದರಿಂದ ಊರೇ ಅಡ್ಡ ನಿಲ್ಲೋಕೆ ಸಾಧ್ಯ ಆಯಿತು. ಅನುಮತಿ ಇಲ್ಲದೆ ಅಧಿಕಾರಿಗಳು ಒಳಗೆ ಬರಬಾರದು ಅಂತ ರಾಜ್ಯದ ಎಷ್ಟೋ ಹಳ್ಳಿಗಳ ಬಾಗಿಲಲ್ಲಿ ರೈತ ಸಂಘದ ಬೋರ್ಡು ನಿಂತಿತು. ಒಬ್ಬನ ಮನೆಯ ಸಾಲ ಇಡೀ ಊರಿನ ಪ್ರಶ್ನೆ ಆಯಿತು. ಸಾಲ ಮಾಡಿದವನು ತಲೆ ಎತ್ತಿ ಓಡಾಡಿದ. ಸಾಲ ಒಂದು ರೂಪಾಯಿ ಕಮ್ಮಿ ಆಗದಿದ್ದರೂ ನಾಚಿಕೆ ಕಮ್ಮಿ ಆಯಿತು.

ಇವತ್ತು ಹಾಗಿಲ್ಲ. ಈಗ ಜೀಪು ಬರಲ್ಲ, ಫೋನು ಬರುತ್ತೆ. ರೈತನ ಜೇಬಿಗೇ ಬರುತ್ತೆ. ಅವನು ನೀರು ಕಟ್ಟುವಾಗ ಬರುತ್ತೆ, ಊಟಕ್ಕೆ ಕೂತಾಗ ಬರುತ್ತೆ, ಮದುವೆ ಮನೆಯಲ್ಲಿ ನಾಲ್ಕು ಜನರ ಮಧ್ಯೆ ಇದ್ದಾಗ ಬರುತ್ತೆ. ಅವನು ಎದ್ದು ದೂರ ಹೋಗಿ, ಬೇಲಿ ಪಕ್ಕ ನಿಂತು, ದನಿ ತಗ್ಗಿಸಿ ಮಾತಾಡಿ ಬರ್ತಾನೆ. ಬಂದು ನಗುತ್ತಾ ಕೂತ್ಕೊಳ್ತಾನೆ. ಪಕ್ಕದಲ್ಲಿ ಕೂತ ಅಣ್ಣನಿಗೂ ಗೊತ್ತಾಗಲ್ಲ, ಹೆಂಡತಿಗೂ ಗೊತ್ತಾಗಲ್ಲ. ಊರಿನದ್ದಾಗಿದ್ದ ಸಾಲ ಹೀಗೆ ಒಬ್ಬೊಬ್ಬನ ಜೇಬು ಸೇರಿದೆ. ಊರಿನ ಬಾಗಿಲಿಗೆ ಬೋರ್ಡು ಹಾಕಬಹುದು, ಜೇಬಿಗೆ ಹಾಕೋಕ್ಕಾಗಲ್ಲ. ಅದನ್ನ ಹೊರಗೆ ತೆಗೆಯಬೇಕಾದವನು ಆ ರೈತನೇ. ತೆಗೆಯೋ ಧೈರ್ಯ ಅವನಿಗೆ ಬರೋ ಹಾಗೆ ನಡ್ಕೊಳ್ಳಬೇಕಾದವರು ನಾವು.

ಅವನು ಯಾಕೆ ಮುಚ್ಚಿಡ್ತಾನೆ? ತನಗೊಬ್ಬನಿಗೇ ಹೀಗೆ ಆಗಿದೆ ಅಂತ ತಿಳ್ಕೊಂಡಿರ್ತಾನೆ. 2019ರ ಸರ್ಕಾರಿ ಸಮೀಕ್ಷೆ ಪ್ರಕಾರ ದೇಶದ ಕೃಷಿ ಕುಟುಂಬಗಳಲ್ಲಿ ನೂರಕ್ಕೆ 50 ಸಾಲದಲ್ಲಿದ್ದವು. ಒಂದು ಕುಟುಂಬದ ಮೇಲಿನ ಸರಾಸರಿ ಸಾಲ 74,121 ರೂಪಾಯಿ. ದೇಶದ ಅರ್ಧ ರೈತರು ಒಟ್ಟಿಗೆ ದಡ್ಡರಾದರು, ಸೋಮಾರಿಗಳಾದರು ಅಂತ ಹೇಳೋಕ್ಕಾಗುತ್ತಾ? ಸಾಲ ಲೆಕ್ಕದ ವಿಚಾರ, ಮರ್ಯಾದೆಯ ವಿಚಾರ ಅಲ್ಲ. ಕಾರ್ಖಾನೆಯವನು ನೂರಾರು ಕೋಟಿ ಬಾಕಿ ಇಟ್ಟುಕೊಂಡು ಸೂಟು ಹಾಕ್ಕೊಂಡು ಓಡಾಡ್ತಾನೆ. ನಮ್ಮವನು ಎರಡು ಲಕ್ಷಕ್ಕೆ ಅರಳಿಕಟ್ಟೆಗೆ ಬರೋದನ್ನೇ ಬಿಡ್ತಾನೆ.

ಸಾಲ ಒಂದೇ ಅಲ್ಲ, ಮನೆಯ ಭಾರವೂ ಇದೆ. ಎಂಟು ನೂರು ಅಡಿ ಕೊರೆಸಿದ ಬೋರು ಬತ್ತಿರುತ್ತೆ. ಅಣ್ಣ ತಮ್ಮಂದಿರ ಪಾಲಿನ ವ್ಯಾಜ್ಯ ಕೋರ್ಟಿನಲ್ಲಿರುತ್ತೆ. ಮೂವತ್ತೈದು ದಾಟಿದ ಮಗನಿಗೆ, ವ್ಯವಸಾಯಗಾರ ಅನ್ನೋ ಒಂದೇ ಕಾರಣಕ್ಕೆ ಹೆಣ್ಣು ಸಿಗಲ್ಲ. 2023ರಲ್ಲಿ ಮಂಡ್ಯದ ಕಡೆಯ ಯುವಕರು ಹೆಣ್ಣು ಸಿಗಲಿ ಅಂತ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಪೇಪರಿನಲ್ಲಿ ಅದನ್ನ ತಮಾಷೆ ಸುದ್ದಿ ಅಂತ ಓದಿದವರೂ ಇದ್ದಾರೆ. ಅಂಥ ಮಗನ ಮನಸ್ಸು, ಅವನ ಮುಖ ದಿನಾ ನೋಡೋ ತಾಯಿ ಮನಸ್ಸು ತಮಾಷೆಯದಲ್ಲ.

ಹೆಣ್ಣುಮಕ್ಕಳ ವಿಚಾರ ಒಂದು ಮಾತು ಬೇರೆ ಹೇಳ್ತೀನಿ. ಕಳೆ ಕೀಳೋಳು ಅವಳು, ಹಾಲು ಕರೆಯೋಳು ಅವಳು, ಸಂಘದ ಸಾಲದ ಕಂತು ವಾರ ವಾರ ಹೊಂದಿಸೋಳೂ ಅವಳು. ಪಹಣಿಯಲ್ಲಿ ಹೆಸರು ಇಲ್ಲದ ಕಾರಣ ಅವಳನ್ನ ರೈತ ಅಂತ ಯಾರೂ ಲೆಕ್ಕಕ್ಕೆ ಹಿಡಿಯಲ್ಲ. ಅವಳ ಮನಸ್ಸು ಮುದುಡಿದರೆ 'ಮೈಗಳ್ಳಿ' ಅಂತೀವಿ, ಇಲ್ಲ 'ಗಾಳಿ ಸೋಕಿದೆ' ಅಂತೀವಿ. ತಲೆನೋವು, ಎದೆ ಉರಿ, ಕೈಕಾಲು ಸೆಳೆತ ಅಂತ ಅವಳು ವರ್ಷಗಟ್ಟಲೆ ಹೇಳ್ತಿದ್ದರೆ, ಮೈಯ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೆ, ಆ ನೋವು ಮನಸ್ಸಿನದ್ದೂ ಇರಬಹುದು. ಗಂಡಸರಿಗೂ ಹೀಗೇ ಆಗುತ್ತೆ.

ಹಾಗಾದರೆ ದುಃಖಕ್ಕೂ ಕಾಯಿಲೆಗೂ ವ್ಯತ್ಯಾಸ ತಿಳಿಯೋದು ಹೇಗೆ? ಬೆಳೆ ಹೋದರೆ ದುಃಖ ಆಗೇ ಆಗುತ್ತೆ, ಅದು ಕಾಯಿಲೆ ಅಲ್ಲ. ಆದರೆ ದಿನದ ಬಹುಪಾಲು ಮಂಕು ಕವಿದ ಹಾಗೆ ಇದ್ದು, ಯಾವುದರಲ್ಲೂ ಆಸೆ ಇಲ್ಲದೆ, ನಿದ್ದೆ ಕೆಟ್ಟು, ಊಟ ಬಿಟ್ಟು, ಕೆಲಸ ಕೈಗೆ ಹತ್ತದೆ ಎರಡು ವಾರ ಕಳೆದರೆ ಡಾಕ್ಟರಿಗೆ ತೋರಿಸಲೇಬೇಕು. ಎರಡು ವಾರ, ನೆನಪಿಟ್ಟುಕೊಳ್ಳಿ. ಬೆಳಗಿನ ಜಾವ ಮೂರು ಗಂಟೆಗೇ ಎಚ್ಚರ ಆಗಿ ಸೂರು ನೋಡ್ತಾ ಮಲಗಿರೋದು, ಕುಡಿತ ಇದ್ದಕ್ಕಿದ್ದ ಹಾಗೆ ಹೆಚ್ಚಾಗೋದು, 'ನಾನಿಲ್ಲದಿದ್ರೆ ನೀವು ಸುಖವಾಗಿರ್ತೀರಿ' ಅನ್ನೋದು, ಇವೂ ಗುರುತುಗಳೇ. ನಿದ್ದೆಗೆ ಅಂತ ಕುಡಿಯೋರು ಇದ್ದಾರೆ. ಕುಡಿದರೆ ಮಂಪರು ಬರುತ್ತೆ, ನಡುರಾತ್ರಿಗೆ ಎಚ್ಚರ ಆಗುತ್ತೆ, ಮನಸ್ಸು ಇನ್ನಷ್ಟು ಕುಸಿಯುತ್ತೆ.

ಇದಕ್ಕೆ 'ಹುಚ್ಚು' ಅನ್ನೋ ಮಾತು ಹಚ್ಚಬೇಡಿ. ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ 12 ರಾಜ್ಯಗಳಲ್ಲಿ ಸಮೀಕ್ಷೆ ನಡೆಸಿತು. ವಯಸ್ಕರಲ್ಲಿ ನೂರಕ್ಕೆ 10ಕ್ಕೂ ಹೆಚ್ಚು ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಅವರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಸಕ್ಕರೆ ಕಾಯಿಲೆಗೆ, ಬಿ.ಪಿ.ಗೆ ಗುಳಿಗೆ ನುಂಗೋಕೆ ನಾವು ನಾಚ್ಕೊಳ್ತೀವಾ? ಇದೂ ಹಾಗೇ. ದೇವರಿಗೆ ಹರಕೆ ಕಟ್ಟಿ, ಬೇಡ ಅನ್ನಲ್ಲ. ಹರಕೆ ಕಟ್ಟಿ ಬರುವಾಗ ಆಸ್ಪತ್ರೆಗೂ ಹೋಗಿ ಬನ್ನಿ.

ದೊಡ್ಡ ಪಟ್ಟಣಕ್ಕೇ ಹೋಗಬೇಕು ಅಂತಿಲ್ಲ. ಮನಸ್ಸಿನ ಕಾಯಿಲೆಯನ್ನ ಹಳ್ಳಿಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರೇ ನೋಡಬಹುದು ಅಂತ ತೋರಿಸಿಕೊಟ್ಟದ್ದು ನಮ್ಮದೇ ಬಳ್ಳಾರಿ ಜಿಲ್ಲೆ. 1980ರ ದಶಕದಲ್ಲಿ ನಿಮ್ಹಾನ್ಸಿನವರು ಅಲ್ಲಿನ ಡಾಕ್ಟರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಅದೇ ಮಾದರಿ ಹಿಡಿದು 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಇರ್ತಾರೆ. ತಾಲ್ಲೂಕು ಆಸ್ಪತ್ರೆಗೆ ಗೊತ್ತಾದ ದಿನ ಬಂದು ನೋಡೋ ಏರ್ಪಾಡೂ ನಮ್ಮ ರಾಜ್ಯದಲ್ಲಿದೆ, ಅದಕ್ಕೆ ಮನೋಚೈತನ್ಯ ಅಂತ ಹೆಸರು. ನಿಮ್ಮ ತಾಲ್ಲೂಕಿಗೆ ಯಾವ ದಿನ ಬರ್ತಾರೆ ಅಂತ ಆಶಾ ಕಾರ್ಯಕರ್ತೆಯನ್ನ ಕೇಳಿ. ಡಾಕ್ಟರು ಬರದಿದ್ದರೆ ಅರ್ಜಿ ಹಾಕೋಣ, ಧರಣಿ ಕೂರೋಣ. ಗೊಬ್ಬರಕ್ಕೆ ಕೂರೋರು ಇದಕ್ಕೂ ಕೂರಬಹುದು.

ಗುಳಿಗೆ ಕೊಟ್ಟರೆ ನಾಲ್ಕು ದಿನ ನುಂಗಿ ಏನೂ ಆಗಲಿಲ್ಲ ಅಂತ ಬಿಡಬೇಡಿ. ಅದು ಯೂರಿಯಾ ಹಾಕಿದ ಹಾಗಲ್ಲ, ಕೊಟ್ಟಿಗೆ ಗೊಬ್ಬರ ಹಾಕಿದ ಹಾಗೆ. ಗುಣ ಕಾಣೋಕೆ ಎರಡರಿಂದ ನಾಲ್ಕು ವಾರ ಬೇಕು. ಗುಣ ಕಂಡ ಮೇಲೂ ಡಾಕ್ಟರು ಹೇಳೋವರೆಗೆ ನಿಲ್ಲಿಸಬಾರದು.

ನಮ್ಮ ಕಡೆಯ ಒಂದು ಮನೆ ವಿಚಾರ ಹೇಳ್ತೀನಿ. ಅವನೇ ಒಪ್ಪಿ, ಹೆಸರು ಬೇಡ ಅಂದಿದ್ದಾನೆ. ನಾಲ್ಕು ಎಕರೆ ಜಮೀನು. ಎರಡು ಬೋರು ಹೋಗಿದ್ದವು, ಈರುಳ್ಳಿ ಬೆಲೆ ನೆಲ ಕಚ್ಚಿತ್ತು. ಅವನು ಕಟ್ಟೆಗೆ ಬರೋದು ಬಿಟ್ಟ, ಎತ್ತಿನ ಮೈ ತೊಳೆಯೋದು ಬಿಟ್ಟ. ಎತ್ತು ನೋಡಿಯೇ ಪಕ್ಕದ ಹೊಲದವನಿಗೆ ಅನುಮಾನ ಬಂದದ್ದು. ಹೋಗಿ ವಿಚಾರಿಸಿದರೆ ಏಳು ಕಡೆ ಸಾಲ, ಹೆಂಡತಿಗೆ ಗೊತ್ತಿದ್ದದ್ದು ಎರಡು. ಮೊದಲು ತಾಲ್ಲೂಕು ಆಸ್ಪತ್ರೆಗೆ ತೋರಿಸಿದೆವು. ಆಮೇಲೆ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ, ಮಗನ ನೋಟ್‌ಬುಕ್ಕಿನಲ್ಲಿ ಏಳೂ ಸಾಲ ಬರೆಸಿದೆವು: ಯಾರಿಂದ, ಯಾವಾಗ, ಅಸಲು ಎಷ್ಟು, ಬಡ್ಡಿ ಎಷ್ಟು, ಏನು ಅಡ ಇಟ್ಟಿದೆ. ಬರೆದ ಮೇಲೆ ಗೊತ್ತಾಯಿತು, ಅವನನ್ನ ಅರೆಯುತ್ತಿದ್ದದ್ದು ಒಂದೇ ಕೈಸಾಲ. ಒಂದೂವರೆ ಲಕ್ಷಕ್ಕೆ ಮೂರು ರೂಪಾಯಿ ಬಡ್ಡಿ. ತಿಂಗಳಿಗೆ 4,500, ವರ್ಷಕ್ಕೆ 54,000 ಬರೀ ಬಡ್ಡಿ. ಊರಿನ ಹಿರಿಯರು ಆ ಸಾಲ ಕೊಟ್ಟವನನ್ನ ಕರೆದು ಕೂರಿಸಿ ಮಾತಾಡಿದರು. ಬಡ್ಡಿ ನಿಂತಿತು, ಅಸಲನ್ನ ಎರಡು ಬೆಳೆಯಲ್ಲಿ ಕಟ್ಟೋ ಹಾಗೆ ಒಪ್ಪಂದ ಆಯಿತು. ಅವನ ಸಾಲ ಇನ್ನೂ ಇದೆ. ಆದರೆ ಅವನು ರಾತ್ರಿ ಮಲಗ್ತಾನೆ, ಬೆಳಿಗ್ಗೆ ಹೊಲಕ್ಕೆ ಹೋಗ್ತಾನೆ.

ನೀವೂ ಈ ಲೆಕ್ಕ ಮಾಡಿ, ಹೆಂಡತಿ ಎದುರಿಗೇ ಮಾಡಿ. ತಲೆಯೊಳಗೆ ಇರೋ ಸಾಲಕ್ಕೆ ಅಳತೆ ಇರಲ್ಲ, ರಾತ್ರಿ ಹೊತ್ತು ಬೆಳೀತಾ ಹೋಗುತ್ತೆ. ಕಾಗದದ ಮೇಲೆ ಬಂದ ಸಾಲಕ್ಕೆ ಒಂದು ಕೊನೆ ಕಾಣುತ್ತೆ. ಜೊತೆಗೆ ಕಾನೂನೂ ಸ್ವಲ್ಪ ತಿಳಿದಿರಲಿ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ಫೋನು ಮಾಡಿ ಕಾಡಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲಿ ನಿಯಮ ಮಾಡಿತು. ಬೈಯೋದು, ಹೆದರಿಸೋದು, ನೆಂಟರಿಷ್ಟರ ಎದುರು ಮಾನ ಕಳೆಯೋದು ನಿಯಮಕ್ಕೆ ವಿರುದ್ಧ. ಮೀಟರ್ ಬಡ್ಡಿ ತಡೆಯೋಕೆ ನಮ್ಮ ರಾಜ್ಯದಲ್ಲಿ 2004ರ ಕಾಯ್ದೆ ಇದೆ. ಮೈಕ್ರೋ ಫೈನಾನ್ಸ್ ಕಿರುಕುಳ ತಡೆಯೋಕೆ 2025ರಲ್ಲಿ ಇನ್ನೊಂದು ಬಂದಿದೆ. ಕಾನೂನು ಪುಸ್ತಕದಲ್ಲಿ ಇದ್ದರೆ ಸಾಲದು, ನಿಜ. ಆದರೆ ಠಾಣೆಗೆ ಒಬ್ಬನೇ ಹೋಗೋದಕ್ಕೂ ಹತ್ತು ಜನ ಜೊತೆಗೆ ಹೋಗೋದಕ್ಕೂ ಎಷ್ಟು ವ್ಯತ್ಯಾಸ ಇದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಈಗ ಕಷ್ಟದ ಮಾತು. ಸತ್ತರೆ ಸಾಲ ತೀರುತ್ತೆ, ಮನೆಯವರು ಉಳ್ಕೊಳ್ತಾರೆ ಅಂತ ಯಾರಾದರೂ ಯೋಚಿಸುತ್ತಿದ್ದರೆ ಅದು ಸುಳ್ಳು. ಬ್ಯಾಂಕಿನ ಸಾಲ ಜಮೀನಿನ ಮೇಲೆ ಹಾಗೇ ಇರುತ್ತೆ. ಕೈಸಾಲದವನು ಆ ಹೆಣ್ಣುಮಗಳ ಬಾಗಿಲಿಗೆ ಬರ್ತಾನೆ. ಗಂಡ ಹೇಳದೆ ಹೋದ ಸಾಲಗಳನ್ನ ಅವಳು ಬೇರೆಯವರ ಬಾಯಿಂದ ಒಂದೊಂದಾಗಿ ಕೇಳ್ತಾಳೆ. ಪಹಣಿ ಬದಲಾವಣೆಗೆ ಅವಳೇ ಕಚೇರಿ ಅಲೀತಾಳೆ. ಬದುಕಿರೋ ರೈತ ಕಂತು ಕೇಳಬಹುದು, ಗಡುವು ಕೇಳಬಹುದು, ಜಗಳ ಆಡಬಹುದು.

ಸಾಯಬೇಕು ಅನ್ನೋ ಯೋಚನೆ ಬೆಟ್ಟದ ಹಾಗೆ ನಿಂತಿರಲ್ಲ. ಮಳೆಗಾಲದ ಹಳ್ಳದ ಹಾಗೆ ಒಮ್ಮೆಲೇ ಏರುತ್ತೆ, ಆಮೇಲೆ ಇಳಿಯುತ್ತೆ. ಏರಿದ ಹೊತ್ತಿನಲ್ಲಿ ಜೊತೆಗೆ ಒಬ್ಬರು ಇರಬೇಕು, ಕೈಗೆ ವಿಷ ಸಿಗಬಾರದು. ಶ್ರೀಲಂಕಾದಲ್ಲಿ ಬಹಳ ವಿಷದ ಕೀಟನಾಶಕಗಳನ್ನ ಒಂದೊಂದಾಗಿ ನಿಷೇಧ ಮಾಡಿದರು. 1995ರಿಂದ 2015ರೊಳಗೆ ಆತ್ಮಹತ್ಯೆಯ ಪ್ರಮಾಣ ನೂರಕ್ಕೆ ಸುಮಾರು 70ರಷ್ಟು ಇಳಿಯಿತು. ಅಲ್ಲಿಯ ರೈತರ ಕಷ್ಟ ಅಷ್ಟು ಇಳಿದಿತ್ತು ಅಂತಲ್ಲ. ಕೆಟ್ಟ ಗಳಿಗೆಯಲ್ಲಿ ಕೈಗೆ ಸಿಗೋ ವಿಷ ಬದಲಾಗಿತ್ತು. ಆದ್ದರಿಂದ ಬೆಳೆಗೆ ಹೊಡೆಯೋ ಔಷಧಿಯನ್ನ ಮನೆಯಲ್ಲಿ ಇಡಬೇಡಿ. ಬೇಕಾದಷ್ಟೇ ತನ್ನಿ, ಉಳಿದದ್ದು ಬೇರೆಯವರ ಬೀಗದಲ್ಲಿರಲಿ. ಯಾರ ಮೇಲಾದರೂ ಅನುಮಾನ ಬಂದರೆ ನೇರವಾಗಿ ಕೇಳಿ: "ಸಾಯೋ ಯೋಚನೆ ಏನಾದ್ರೂ ಬರ್ತಿದೆಯೇನಪ್ಪಾ?" ಕೇಳಿದ್ದರಿಂದ ಯೋಚನೆ ಹುಟ್ಟಲ್ಲ. ಕೇಳೋರು ಒಬ್ಬರು ಸಿಕ್ಕರಲ್ಲ ಅಂತ ಎದೆ ಹಗುರ ಆಗುತ್ತೆ. ಹೌದು ಅಂದರೆ ಬುದ್ಧಿ ಹೇಳೋಕೆ ಹೋಗಬೇಡಿ, ಬೈಬೇಡಿ. ಜೊತೆಯಲ್ಲೇ ಇದ್ದು ಆಸ್ಪತ್ರೆಗೆ ಕರ್ಕೊಂಡು ಹೋಗಿ.

14416. ಈ ನಂಬರನ್ನ ಫೋನಿನಲ್ಲಿ ಈಗಲೇ ಬರೆದಿಟ್ಟುಕೊಳ್ಳಿ. ಟೆಲಿ ಮಾನಸ್ ಅಂತ, 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ. ಯಾರಾದರೂ ಅನಾಹುತ ಮಾಡಿಕೊಂಡಿದ್ದರೆ ಪೊಲೀಸ್ ಕೇಸಿಗೆ ಹೆದರಿ ಮುಚ್ಚಿಡಬೇಡಿ. ಅಂಥವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷೆ ಕೊಡಬಾರದು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತೆ. ಒಂದು ಗಳಿಗೆಯೂ ತಡ ಮಾಡದೆ ಹತ್ತಿರದ ಆಸ್ಪತ್ರೆಗೆ ಒಯ್ಯಿರಿ.

ಕೊನೆಗೆ ಒಂದು ಸಲಹೆ ಇಡ್ತೀನಿ. ನಮ್ಮಲ್ಲಿ ಮುಯ್ಯಾಳು ಪದ್ಧತಿ ಇತ್ತು, ಈಗಲೂ ಅಲ್ಲಲ್ಲಿ ಇದೆ. ಇವತ್ತು ನಿನ್ನ ಹೊಲದ ಕುಯಿಲಿಗೆ ನಾನು ಬರ್ತೀನಿ, ನಾಳೆ ನನ್ನದಕ್ಕೆ ನೀನು ಬಾ. ಬಂದವನಿಗೆ ಕೂಲಿ ಇಲ್ಲ, ಕರೆದವನಿಗೆ ನಾಚಿಕೆ ಇಲ್ಲ. ಮನಸ್ಸಿನ ವಿಚಾರದಲ್ಲೂ ಹಾಗೇ ಮಾಡೋಣ. ಇವತ್ತು ನಿನ್ನ ಕಷ್ಟ ನಾನು ಕೂತು ಕೇಳ್ತೀನಿ, ನಾಳೆ ನನಗೆ ಬಂದಾಗ ನೀನು ಕೂತ್ಕೋ.

ಅದಕ್ಕೆ ಪ್ರತಿ ಗ್ರಾಮ ಘಟಕದ ಸಭೆಯಲ್ಲಿ ಬೆಲೆ ವಿಚಾರಕ್ಕೆ ಮೊದಲು ಒಂದು ಪ್ರಶ್ನೆ ಕೇಳೋಣ: ಎರಡು ಸಭೆಗೆ ಬಾರದವರು ಯಾರು? ಅವತ್ತು ಸಂಜೆಯೇ ಇಬ್ಬರು ಅವರ ಮನೆಗೆ ಹೋಗಲಿ. ಹೆಣ್ಣುಮಕ್ಕಳು ಇರೋ ಕಡೆಗೆ ಹೆಣ್ಣುಮಕ್ಕಳೇ ಹೋಗಲಿ. ಸಾಲ ಎಷ್ಟು ಅಂತ ಮೊದಲೇ ಕೇಳಬೇಡಿ. ನಿದ್ದೆ ಬರ್ತಿದೆಯಾ, ಊಟ ಸೇರ್ತಿದೆಯಾ ಅಂತ ಕೇಳಿ. ಅಲ್ಲಿ ಕೇಳಿದ ಮಾತು ಹೋಟೆಲಿನ ಬೆಂಚಿನ ಮೇಲೆ ಬೀಳಬಾರದು.

ಈ ಸಲಹೆಯನ್ನ ಸಭೆ ಒಪ್ಪಿದರೆ, ಬರುವ ತಿಂಗಳು ಪ್ರತಿ ಊರಿನವರೂ ಎಷ್ಟು ಮನೆಗೆ ಹೋಗಿದ್ದೆವು ಅಂತ ಇಲ್ಲಿ ವರದಿ ಕೊಡಲಿ. ಯಾರ ಮನೆ ಅಂತ ಹೆಸರು ಹೇಳೋದು ಬೇಡ, ಎಷ್ಟು ಮನೆ ಅಂತ ಹೇಳಿದರೆ ಸಾಕು.